ಕಾರಿನ ಚಾವಣಿಗೆ ಹೊಸ ಬಟ್ಟೆ

ಮುಂಬೈಯಲ್ಲಿ ಇರುವವರು ಕಾಲ ಕೆಳಗಿನ ಜಾಗದ ಬಗ್ಗೆ ಯೋಚಿಸುವಷ್ಟು ತಲೆಯ ಮೇಲಿನ ಜಾಗದ ಬಗ್ಗೆ ಯೋಚಿಸುವುದಿಲ್ಲ. ಮನೆ ಎಂದರೆ ಎಷ್ಟು ಚದರಡಿ ಎಂದು ಕೇಳುತ್ತೇವೆ. ಲೋಕಲ್ ಹತ್ತಿದರೆ ಎರಡೂ ಪಾದ ಊರಲು ಎಡೆ ಸಿಕ್ಕಿತೇ ಎಂದು ನೋಡಿಕೊಳ್ಳುತ್ತೇವೆ. ಕಾರು ಕೊಂಡವರಂತೂ ಅದನ್ನು ನಿಲ್ಲಿಸುವ ಜಾಗಕ್ಕಾಗಿ ಸೊಸೈಟಿಯವರ ಜೊತೆ ಜನ್ಮವಿಡೀ ಜಗಳಾಡುತ್ತಾರೆ. ಕತ್ತೆತ್ತಿ ಮೇಲೇನಿದೆ ಎಂದು ನೋಡುವವರು ಯಾರೂ ಇಲ್ಲ. ಸ್ಲ್ಯಾಬು ಸೋರಿ ಸಾರಿನ ಪಾತ್ರೆಗೆ ಹನಿ ಬಿದ್ದಾಗಲೇ ನಮಗೂ ಒಂದು ಸೂರಿದೆ ಎಂಬುದು ನೆನಪಾಗುವುದು. ನಾನೂ ಅವರಲ್ಲಿ ಒಬ್ಬಳು. ಕಾರಿನೊಳಗೂ ಒಂದು ಚಾವಣಿ ಇರುತ್ತದೆ, ಅದೊಂದು ಗಟ್ಟಿ ರಟ್ಟಿನಂಥ ಹಲಗೆ, ಅದಕ್ಕೆ ತೆಳ್ಳನೆಯ ಸ್ಪಂಜು ಹಚ್ಚಿದ ಬಟ್ಟೆಯನ್ನು ಅಂಟಿಸಿರುತ್ತಾರೆ, ವಯಸ್ಸಾದ ಮೇಲೆ ಆ ಬಟ್ಟೆಯೂ ಜೋತು ಬೀಳುತ್ತದೆ ಎಂಬುದೆಲ್ಲ ನನಗೆ ಗೊತ್ತಾದದ್ದು ಅದು ಬಂದು ನನ್ನ ತಲೆಯ ಮೇಲೆ ಕುಳಿತ ಮೇಲೆಯೇ. ಈಗ ಆ ವಿಷಯದಲ್ಲಿ ಯಾರಿಗೆ ಬೇಕಾದರೂ ಪಾಠ ಹೇಳಬಲ್ಲೆ. ಆದರೆ ಹೇಳಲು ಕುಳಿತರೆ ಅರ್ಧಕ್ಕೇ ಮಾತು ಬೇರೆಲ್ಲೋ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ನಮ್ಮ ಮನೆಯವರದು. ವಿಜಯಪುರದಿಂದ ಮೀಸೆ ಮೂಡುವ ವಯಸ್ಸಿನಲ್ಲೇ ಬಂದು ವಿಕ್ರೋಳಿಯ ಒಂದು ಕಾರ್ಖಾನೆಗೆ ಸೇರಿ, ಅಲ್ಲೇ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಆಳು ಬಲು ಎತ್ತರ. ನಮ್ಮ ಬಿಲ್ಡಿಂಗಿನ ಬಾಗಿಲುಗಳಲ್ಲಿ ಅವರ ಹಣೆಗೆ ಬಡಿಯದೆ ಉಳಿದದ್ದು ಲಿಫ್ಟಿನದು ಒಂದೇ. ಅಂಥವರು ಆಸೆಪಟ್ಟು ಕೊಂಡದ್ದು ಸಹೋದ್ಯೋಗಿಯೊಬ್ಬರ ಹಳೆಯ ಪುಟ್ಟ ಬಿಳಿ ಕಾರು. ಒಳಗೆ ಕುಳಿತರೆ ತಲೆ ಚಾವಣಿಗೆ ತಾಗುತ್ತಿತ್ತು. ಬೇರೆ ನೋಡೋಣ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. “ತಲಿ ತಾಗಿದ್ರ ಏನಾತು? ಕಾರು ನಮ್ಮದದ ಅಂತ ಖಾತ್ರಿ ಆಗ್ತದ” ಎಂದರು. ಕೊನೆಯವರೆಗೂ ಕುತ್ತಿಗೆಯನ್ನು ಎಡಕ್ಕೆ ವಾಲಿಸಿಕೊಂಡೇ ಓಡಿಸಿದರು. ಪಕ್ಕದಲ್ಲಿ ಕುಳಿತ ನನಗೆ ಇವರು ನನ್ನ ಮಾತನ್ನು ಗಮನವಿಟ್ಟು ಕೇಳುತ್ತಿದ್ದಾರೆ ಎಂಬ ಭ್ರಮೆ ಎಷ್ಟೋ ದಿನ ಇತ್ತು.

ಇನ್ನೊಂದು ಸಂಗತಿ ಅವರ ಎಣ್ಣೆ. ಕೂದಲು ಕಡಿಮೆಯಾದಂತೆಲ್ಲ ಅವರ ಕೊಬ್ಬರಿ ಎಣ್ಣೆ ಹೆಚ್ಚಾಗುತ್ತಾ ಹೋಯಿತು. ಸ್ನಾನಕ್ಕೆ ಮುಂಚೆ ಒಮ್ಮೆ, ಸ್ನಾನವಾದ ಮೇಲೆ ಇನ್ನೊಮ್ಮೆ. ಅವರು ತಲೆಗೆ ಹಾಕಿಕೊಂಡ ಎಣ್ಣೆಯಲ್ಲಿ ಒಂದು ಸಂಸಾರದ ಒಗ್ಗರಣೆ ಧಾರಾಳವಾಗಿ ನಡೆಯುತ್ತಿತ್ತು. ದಿಂಬಿನ ಮೇಲೆ, ಸೋಫಾದ ಬೆನ್ನಿಗೆ, ದಿವಾನದ ಹಿಂದಿನ ಗೋಡೆಯ ಮೇಲೆ, ಅವರು ಎಲ್ಲಿ ಒರಗಿದರೆ ಅಲ್ಲೊಂದು ದುಂಡನೆಯ ಕಂದು ಕಲೆ. ನಾನು ಸೋಪು, ಸೋಡಾ, ಕಡಲೆಹಿಟ್ಟು, ಪೌಡರು ಎಲ್ಲವನ್ನೂ ಹಿಡಿದುಕೊಂಡು ಅವರ ಹಿಂದೆಯೇ ಸುತ್ತುತ್ತಿದ್ದೆ. ಬೈದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ. ಎಣ್ಣೆ ಎಂದರೆ ಎಣ್ಣೆಯೇ, ಸತ್ತವರದಾದರೂ ಅಷ್ಟೇ, ಬದುಕಿದ್ದವರದಾದರೂ ಅಷ್ಟೇ. ಕಾರಿನ ಚಾವಣಿಯಲ್ಲೂ ಅವರ ತಲೆ ತಾಗುವಲ್ಲಿ ಚಟ್ನಿ ತಟ್ಟೆಯಷ್ಟಗಲ ಒಂದು ಕಲೆ ಆಗಿತ್ತು. ಅದರ ಮಾತು ತೆಗೆದರೆ, “ಇರಲಿ ಬಿಡು, ಅಷ್ಟು ಮ್ಯಾಲೆ ಯಾರು ನೋಡ್ತಾರ” ಎನ್ನುತ್ತಿದ್ದರು.

ಹೋದ ವರ್ಷಕ್ಕೆ ಹಿಂದಿನ ಮಳೆಗಾಲದಲ್ಲಿ ಅವರು ಹೋಗಿಬಿಟ್ಟರು. ಬೆಳಗಿನ ಚಹಾ ಕುಡಿದು, ಇನ್ನರ್ಧ ಕಪ್ಪು ಬೇಕು ಎಂದರು. ನಾನು ಒಳಗಿನಿಂದ ತರುವಷ್ಟರಲ್ಲಿ ಕುರ್ಚಿಯಲ್ಲೇ ಎಲ್ಲ ಮುಗಿದಿತ್ತು. ಆಮೇಲೆ ಊರಿನಿಂದ ನಾದಿನಿಯರೆಲ್ಲ ಬಂದರು. ಒಳ್ಳೆಯ ಹೆಂಗಸರು, ಕೈ ಕಟ್ಟಿ ಕೂರುವ ಜಾತಿಯವರಲ್ಲ. ನಾನು ಮೂಲೆಯಲ್ಲಿ ಕುಳಿತಿದ್ದ ಆ ದಿನಗಳಲ್ಲಿ ಅವರು ಮನೆಯಲ್ಲಿದ್ದ ಅಷ್ಟೂ ಹಾಸಿಗೆ, ದಿಂಬು, ಪರದೆಗಳನ್ನು ಒಗೆದು ಟೆರೇಸಿನ ಮೇಲೆ ಒಣಹಾಕಿದರು. ಸೋಫಾದ ಕವರು ಉಜ್ಜಿ ಉಜ್ಜಿ ಹೊಸದರಂತೆ ಮಾಡಿದರು. ವರ್ಷಾಬ್ದಿಕಕ್ಕೆ ಜನ ಬರುತ್ತಾರೆಂದು ಗೋಡೆಗೆ ಬಣ್ಣವೂ ಆಯಿತು. ಎಲ್ಲರೂ ಹೊರಟುಹೋದ ಮೇಲೆ ನೋಡುತ್ತೇನೆ, ಮೂವತ್ತು ವರ್ಷ ನಾನು ಹೆಣಗಾಡಿದರೂ ಆಗದಷ್ಟು ಮನೆ ಸ್ವಚ್ಛವಾಗಿಬಿಟ್ಟಿದೆ. ಅವರು ಎಲ್ಲಿ ಕೂರುತ್ತಿದ್ದರು, ಎಲ್ಲಿ ಒರಗುತ್ತಿದ್ದರು ಎಂದು ತೋರಿಸಲು ಒಂದು ಗುರುತೂ ಉಳಿದಿರಲಿಲ್ಲ. ಎಲ್ಲರೂ ಮರೆತಿದ್ದು ಕೆಳಗೆ ನಿಂತಿದ್ದ ಕಾರನ್ನು ಮಾತ್ರ.

ಹಾಗಾಗಿ ನಾನು ಮಧ್ಯಾಹ್ನದ ಹೊತ್ತು ಕೆಳಗಿಳಿದು ಹೋಗಿ ಕಾರಿನಲ್ಲಿ ಕೂರತೊಡಗಿದೆ. ನನಗೆ ಓಡಿಸಲು ಬರುವುದಿಲ್ಲ. ಎಡಗಡೆಯ ನನ್ನ ಸೀಟಿನಲ್ಲಿ ಕುಳಿತು ಬಲಗಡೆಯ ಚಾವಣಿಯ ಆ ಕಲೆಯನ್ನು ನೋಡುತ್ತಿದ್ದೆ. ಕಿಟಕಿ ಏರಿಸಿದ್ದರೆ ಸಣ್ಣಗೆ ವಾಸನೆಯೂ ಬರುತ್ತಿತ್ತು. ಅಷ್ಟರಲ್ಲಿ ಮಳೆಯ ಥಂಡಿ ಕುಡಿದು ಬಟ್ಟೆ ಅಂಟು ಬಿಟ್ಟು, ಹಿಂದಿನಿಂದ ಇಷ್ಟಿಷ್ಟೇ ಜೋಲತೊಡಗಿತ್ತು. ಪಾರ್ಕಿಂಗಿನಲ್ಲಿ ಹಾದುಹೋಗುವವರಿಗೆ ಒಬ್ಬ ಹೆಂಗಸು ಕಾರಿನೊಳಗೆ ತಲೆಯ ಮೇಲೆ ಸೆರಗಿನಂತೆ ಏನನ್ನೋ ಹೊದ್ದು ಕುಳಿತಿರುವುದು ಕಾಣಿಸುತ್ತಿತ್ತು. ಬಿಲ್ಡಿಂಗಿನಲ್ಲಿ ಗುಸುಗುಸು ಹಬ್ಬಿತೆಂದು ಕಾಣುತ್ತದೆ. ಕೆಳಮನೆಯ ಸುಧಾಕರಣ್ಣ ಒಂದು ದಿನ ಗಾಜು ತಟ್ಟಿದರು. ಉಡುಪಿ ಕಡೆಯವರು, ಕುರ್ಲಾ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಾರೆ. ನನಗಿಂತ ಚಿಕ್ಕವರಾದರೂ ಇಡೀ ಬಿಲ್ಡಿಂಗಿಗೆ ಅಣ್ಣ. “ಎಂತ ಅಕ್ಕ, ಒಬ್ರೇ ಕೂತಿದ್ದೀರಿ? ಎಸಿ ಬೇಕಾದ್ರೆ ನಮ್ಮ ಮನೆಗೆ ಬನ್ನಿ ಮಾರಾಯ್ರೆ, ಹೆಂಡತಿ ಇದ್ದಾಳೆ ಮನೆಯಲ್ಲಿ” ಎಂದರು. ನಾನು ಬ್ಯಾಟರಿ ಡೌನ್ ಆಗಬಾರದೆಂದು ಕುಳಿತಿದ್ದೇನೆ ಎಂದೆ. ಬರೀ ಕುಳಿತರೆ ಬ್ಯಾಟರಿ ಹೇಗೆ ಚಾರ್ಜ್ ಆಗುತ್ತದೆ ಎಂದು ಅವರು ಕೇಳಲಿಲ್ಲ, ದೊಡ್ಡ ಮನಸ್ಸು.

ಮಗಳು ಶ್ವೇತಾ ಮದುವೆಯಾಗಿ ಬೊರಿವಲಿಯಲ್ಲಿದ್ದಾಳೆ. ಭಾನುವಾರ ಭಾನುವಾರ ಬರುತ್ತಾಳೆ. ಎತ್ತರದಲ್ಲಿ ಅಪ್ಪನನ್ನೇ ಹೋಲುತ್ತಾಳೆ, ಭಾಷೆಯಲ್ಲಿ ಇಡೀ ಮುಂಬೈಯನ್ನು. ಅವಳು ಒಂದು ದಿನ ಕಾರನ್ನು ತಾನು ಒಯ್ಯುತ್ತೇನೆ, ಅದು ಇಲ್ಲಿ ನಿಂತು ಹಾಳಾಗುತ್ತಿದೆ ಎಂದಳು. ನನಗೂ ಸಂತೋಷವೇ ಆಯಿತು. “ಆದ್ರೆ ಮಮ್ಮಿ, ರೂಫಿನ ಕಪಡಾ ಪೂರಾ ಲಟಕ್ ಗಯಾ, ಓಡಿಸೋವಾಗ ಕಣ್ಣಿನ ಮ್ಯಾಲೇ ಬರ್ತದ. ಕುರ್ಲಾದಾಗ ಸೀಟ್ ಕವರ್ ದುಕಾನ್ ಅದ ನಾ, ಅಲ್ಲಿ ಕೊಡ್ತೀನಿ. ಹಳೇದು ಕಿತ್ತಿ ಬಿಸಾಕಿ ಹೊಸದು ಹಾಕ್ತಾರ, ಒಂದು ದಿನದ ಕೆಲಸ” ಎಂದಳು. ಕಿತ್ತಿ ಬಿಸಾಕಿ ಎಂಬ ಮಾತು ಕೇಳಿ ನನ್ನ ಕೈಯಲ್ಲಿದ್ದ ಲಟ್ಟಣಿಗೆ ನಿಂತುಹೋಯಿತು. ಹಳೆಯ ಬಟ್ಟೆ ನನಗೆ ಬೇಕು, ಅದರಲ್ಲಿ ನಿನ್ನ ಅಪ್ಪನ ತಲೆಯ ಗುರುತಿದೆ ಎಂದು ಹೇಳಬಹುದಿತ್ತು. ಹೇಳಲು ನಾಚಿಕೆಯಾಯಿತು. ಗಂಡನ ಫೋಟೋಕ್ಕೆ ಹಾರ ಹಾಕಿ ಅಳುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಎಣ್ಣೆಯ ಕಲೆಗಾಗಿ ಅಳುತ್ತೇನೆಂದರೆ ಮಗಳು ಮೊದಲು ಡಾಕ್ಟರಿಗೆ ಫೋನು ಮಾಡುತ್ತಾಳೆ. ಅದಕ್ಕೆ ಗತ್ತಿನಿಂದಲೇ ಹೇಳಿದೆ: “ದುಕಾನು ಗಿಕಾನು ಏನೂ ಬ್ಯಾಡ. ನಾ ಮನ್ಯಾಗ ಮಾಡ್ತೀನಿ. ಕೌದಿ ಹೊಲದಾಕಿ ನಾನು, ಇದೇನ ದೊಡ್ಡ ಮಾತು?”

ಕೌದಿ ಎಂದರೆ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ಕೈಯಿಂದ ಸಣ್ಣಗೆ ದಾರ ಓಡಿಸಿ ಹೊಲಿಯುವ ನಮ್ಮ ಕಡೆಯ ಹೊದಿಕೆ. ನಮ್ಮ ಅಜ್ಜಿಯ ಕೈಯಲ್ಲಿ ಕಲಿತದ್ದು. ಅದಕ್ಕೂ ಕಾರಿನ ಚಾವಣಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಏನೂ ಇಲ್ಲ ಎಂಬುದು ನನಗೂ ಆಮೇಲೆ ಗೊತ್ತಾಯಿತು. ಆದರೆ ಆ ಹೊತ್ತಿಗೆ ಮಾತು ಬಾಯಿಂದ ಹೊರಬಿದ್ದಿತ್ತು. ಫೋನಿನಲ್ಲಿ ವಿಡಿಯೋ ಹುಡುಕಿದೆ. ಒಬ್ಬ ಹುಡುಗ ನಗುನಗುತ್ತಾ ನಾಲ್ಕು ಸ್ಕ್ರೂ ಬಿಚ್ಚಿ ಇಡೀ ಚಾವಣಿಯನ್ನು ಹಪ್ಪಳದಂತೆ ಕೈಗೆತ್ತಿಕೊಂಡ. ನನಗೂ ಸುಧಾಕರಣ್ಣನಿಗೂ ಅದೇ ಕೆಲಸಕ್ಕೆ ಒಂದು ಇಡೀ ಬೆಳಗು ಹಿಡಿಯಿತು. ಮೊದಲು ಬಿಸಿಲು ಕಣ್ಣಿಗೆ ಹೊಡೆಯದಂತೆ ಮಡಚಿ ಇಳಿಸುವ ಎರಡು ಸನ್ ವೈಸರ್ ಬಿಚ್ಚಬೇಕು, ಆಮೇಲೆ ಒಳಗಿನ ಲೈಟು, ಹಿಡಿಕೆಗಳು, ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ. ಎಲ್ಲ ಬಿಚ್ಚಿದ ಮೇಲೆ ಹಲಗೆ ನಮ್ಮಿಬ್ಬರ ತಲೆಯ ಮೇಲೆಯೇ ಇಳಿದು ಕುಳಿತಿತು. ಮುರಿಯದಂತೆ ಅದನ್ನು ಹಿಂದಿನ ಬಾಗಿಲಿನಿಂದ ಹೊರಗೆ ತೆಗೆಯುವಾಗ ಸುಧಾಕರಣ್ಣ, “ನಮ್ಮ ಹೋಟೆಲಿಗೆ ಫ್ರಿಜ್ ತರುವಾಗ ಸಹ ಇಷ್ಟು ಬೆವರು ಬರ್ಲಿಲ್ಲ ಅಕ್ಕ” ಎಂದರು. ಒಳಗಿನ ಸ್ಪಂಜು ವಯಸ್ಸಿಗೆ ಹಿಟ್ಟಾಗಿತ್ತು. ಬಟ್ಟೆ ಎಳೆದದ್ದೇ ತಡ, ಹಳದಿ ಪುಡಿ ಸುರಿದು ಇಬ್ಬರೂ ಜಾತ್ರೆಯಲ್ಲಿ ಅರಿಸಿನದ ಭಂಡಾರ ಎರಚಿಸಿಕೊಂಡವರಂತಾದೆವು. ಅವರು ಸೀನುತ್ತಾ ಕೆಳಗೆ ಕುಳಿತರು. ನಾನು ಮಾತ್ರ ಆ ಬಟ್ಟೆಯನ್ನು ಕಲೆ ಒಳಗಾಗುವಂತೆ ಮಡಚಿ, ಎದೆಗೆ ಒತ್ತಿಕೊಂಡು ಮೇಲೆ ಬಂದುಬಿಟ್ಟೆ. ಪುಡಿ ಉದುರಲಿ ಎಂದು ಬಾಲ್ಕನಿಯ ತಂತಿಯ ಮೇಲೆ ಹಾಕಿದೆ.

ಆಮೇಲೆ ನಡೆದದ್ದಕ್ಕೆ ಯಾರನ್ನು ಬೈಯುವುದೋ ಗೊತ್ತಾಗುತ್ತಿಲ್ಲ. ಮರುದಿನ ಭಾನುವಾರ. ನಾನು ಹೊಸ ಬಟ್ಟೆ ತರಲು ಕುರ್ಲಾ ಮಾರ್ಕೆಟ್ಟಿಗೆ ಹೋಗಿದ್ದೆ. ಬಾದಾಮಿ ಬಣ್ಣದ ಸ್ಪಂಜು ಹಚ್ಚಿದ ಬಟ್ಟೆಯ ಸುರುಳಿ ಹಿಡಿದು, ಲೋಕಲ್‌ನಲ್ಲಿ ಎಲ್ಲರಿಂದ ಬೈಸಿಕೊಳ್ಳುತ್ತಾ ಮನೆಗೆ ಬಂದರೆ, ಶ್ವೇತಾ ತನ್ನ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಕುಳಿತಿದ್ದಳು. ಬಾಲ್ಕನಿಯಲ್ಲಿ ಅದೇ ಬಟ್ಟೆ, ನೀರು ತೊಟ್ಟಿಕ್ಕುತ್ತಾ. “ಮಮ್ಮಿ, ಕಿತನಾ ಗಂದಾ ಇತ್ತು ಅದು! ನೀನು ಕೌದಿಗೆ ಇಟ್ಟಿರ್ತಿ ಅಂತ ಮಶೀನ್‌ಗೆ ಹಾಕಿದೆ. ಒಂದು ದಾಗ್ ಹೋಗಲೇ ಇಲ್ಲ, ಅದಕ್ಕೆ ಬಿಸಿ ನೀರು, ಲಿಂಬಿಹಣ್ಣು ಎಲ್ಲ ಹಾಕಿ ಕೈಯಿಂದ ತಿಕ್ಕಿದೆ. ಅಬ್ ದೇಖ್, ಏಕದಮ್ ಸಾಫ್!” ಅವಳ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಕಲೆ ತೆಗೆಯುವ ವಿದ್ಯೆ ಅವಳಿಗೆ ಕಲಿಸಿದವಳು ನಾನೇ ಎಂಬುದು ಎದ್ದು ಕಾಣುತ್ತಿತ್ತು. “ಛಲೋ ಮಾಡಿದಿ ಬಿಡು” ಎಂದೆ. ಅಡುಗೆಮನೆಗೆ ಹೋಗಿ, ಅಗತ್ಯವಿಲ್ಲದಿದ್ದರೂ ಕುಕ್ಕರ್ ಇಟ್ಟೆ. ಅದರ ಸೀಟಿ ಕೂಗುವಷ್ಟು ಹೊತ್ತು ನಾನೂ ಬಾಯಿಬಿಟ್ಟು ಅತ್ತೆ. ಅವರು ಹೋದ ದಿನ ನನಗೆ ಅಳು ಬಂದಿರಲಿಲ್ಲ. ದಿಗ್ಭ್ರಮೆ ಅಂದರು, ಆಘಾತ ಅಂದರು. ಈಗ ಒಂದು ಕಾರಿನ ಬಟ್ಟೆ ಸ್ವಚ್ಛವಾಯಿತೆಂದು ಕಣ್ಣೀರು ನಿಲ್ಲುತ್ತಿಲ್ಲ. ಬೇಳೆ ಇಲ್ಲದ ಬರೀ ನೀರನ್ನು ಏಕೆ ಕುದಿಸಿದ್ದು ಎಂದು ಮಗಳು ಕೇಳಿದ್ದಕ್ಕೆ, ಕುಕ್ಕರ್ ತೊಳೆಯುವ ಹೊಸ ವಿಧಾನ ಎಂದೆ.

ಆಮೇಲೆ ನನಗೆ ಈ ಕೆಲಸದ ಆಸೆಯೇ ಬತ್ತಿಹೋಯಿತು. ಯಾವುದನ್ನು ಉಳಿಸಿಕೊಳ್ಳಲೆಂದು ಮೈಮೇಲೆ ಎಳೆದುಕೊಂಡೆನೋ ಅದೇ ಇಲ್ಲ. ಆದರೆ ಹಲಗೆ ಪ್ಯಾಸೇಜಿನಲ್ಲಿ ಗೋಡೆಗೆ ಒರಗಿ ನಿಂತಿತ್ತು, ಪಕ್ಕದ ಮನೆಯವರು ಅಡ್ಡಡ್ಡವಾಗಿ ಓಡಾಡುತ್ತಿದ್ದರು, ಸೊಸೈಟಿಯ ಸೆಕ್ರೆಟರಿ ದಿನವೂ ಬಂದು ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಒಗೆದ ಬಟ್ಟೆಯನ್ನು ಮಡಚಿ ಕಪಾಟಿನ ತಳಕ್ಕೆ ಹಾಕಿ, ಸುಧಾಕರಣ್ಣನನ್ನು ಕರೆದೆ. ಹಲಗೆಯನ್ನು ಅಡ್ಡ ಹಾಕಿ, ಹಿಂದಿನರ್ಧ ನಾನು, ಮುಂದಿನರ್ಧ ಅವರು ಬ್ರಶ್ಶಿನಿಂದ ತಿಕ್ಕಿ ಹಳೆಯ ಪುಡಿಯನ್ನೆಲ್ಲ ತೆಗೆದೆವು. ಚಪ್ಪಲಿ ಅಂಟಿಸುವವರು ಬಳಸುವ ಸೊಲ್ಯೂಷನ್ ತಂದು ಬಳಿದೆವು. ಆ ವಾಸನೆಗೆ ನನಗೆ ತಲೆ ತಿರುಗಿತು, ಸುಧಾಕರಣ್ಣನಿಗೆ ಹಳೆಯ ಯಕ್ಷಗಾನದ ಪದಗಳು ನೆನಪಾದವು. ಅವರು ಹಾಡುತ್ತಾ ಬಟ್ಟೆಯ ಒಂದು ತುದಿ ಹಿಡಿದರು, ನಾನು ಮೂಗು ಮುಚ್ಚಿಕೊಂಡು ಇನ್ನೊಂದು ತುದಿ. ನಡುವಿನಿಂದ ಅಂಚಿಗೆ ಸವರುತ್ತಾ ಬರಬೇಕೆಂದು ವಿಡಿಯೋದ ಹುಡುಗ ಹೇಳಿದ್ದ. ನಾವು ಅಂಚಿನಿಂದ ನಡುವಿಗೆ ಸವರಿದೆವು. ಹಾಗಾಗಿ ನಮ್ಮ ಚಾವಣಿಯ ಸರಿಯಾಗಿ ಮಧ್ಯದಲ್ಲಿ ಒಂದು ಗುಡ್ಡವಿದೆ. “ಡಿಸೈನ್ ಅಂತ ಹೇಳುವಾ ಅಕ್ಕ” ಎಂದರು ಸುಧಾಕರಣ್ಣ. ಅಂತೂ ಹಲಗೆ ಮತ್ತೆ ಕಾರಿನೊಳಗೆ ಹೋಗಿ ಕುಳಿತಿತು. ಬಾದಾಮಿ ಬಣ್ಣ, ಎಲ್ಲೂ ಒಂದು ಚುಕ್ಕೆ ಇಲ್ಲ. ನಾನು ಎಡಗಡೆ ಸೀಟಿನಲ್ಲಿ ಕುಳಿತು ಬಲಗಡೆ ನೋಡಿದೆ. ಮಾರಲಿಕ್ಕಿಟ್ಟ ಕಾರಿನಂತೆ ಕಂಡಿತು. ಇಳಿದು ಮೇಲೆ ಬಂದುಬಿಟ್ಟೆ.

ವೈಸರುಗಳು ಉಳಿದಿದ್ದವು. ಅವುಗಳ ಹಳೆಯ ಪ್ಲಾಸ್ಟಿಕ್ ಹೊದಿಕೆ ಸುಲಿದುಹೋಗಿತ್ತು. ಇಲ್ಲಿ ಅಂಟಿನ ಕೆಲಸವಿಲ್ಲ, ಬರೀ ಹೊಲಿಗೆ. ಅವರ ಅಂಗಿಗಳನ್ನು ತೆಗೆದೆ. ನಾದಿನಿಯರು ಅವನ್ನೂ ಒಗೆದು, ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಮೂಗಿಗೆ ಹಿಡಿದರೆ ಸೋಪಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಇದ್ದುದರಲ್ಲಿ ಅವರು ಹೆಚ್ಚು ಹಾಕಿಕೊಳ್ಳುತ್ತಿದ್ದ ನೀಲಿ ಚೌಕಳಿಯದನ್ನೂ ಕಾರ್ಖಾನೆಯ ಖಾಕಿಯದನ್ನೂ ಕತ್ತರಿಸಿ, ಪದರು ಪದರಾಗಿ ಹಾಸಿ, ಕೌದಿಯ ಹೊಲಿಗೆ ಹಾಕಿದೆ. ಕೈಗೆ ಗೊತ್ತಿದ್ದ ಕೆಲಸ, ಮನಸ್ಸಿಗೆ ಒಂದಿಷ್ಟು ಸಮಾಧಾನವಾಯಿತು. ಕೊನೆಯ ಮೂಲೆ ಮುಚ್ಚುವ ಮುಂಚೆ ನಮ್ಮ ಅಜ್ಜಿ ಕೌದಿಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಕೌದಿ ಹಸಿದಿರಬಾರದಂತೆ, ಅದರ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದಂತೆ. ನಾನೂ ಜೋಳದ ರೊಟ್ಟಿಯ ಒಂದೊಂದು ಚೂರು ಇಟ್ಟೆ. ಬರೀ ರೊಟ್ಟಿ ಅವರಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಲ್ಲ ಎಂದು ನೆನಪಾಗಿ ಸ್ವಲ್ಪ ಬೆಲ್ಲವನ್ನೂ ಇಟ್ಟು ಹೊಲಿದೆ. ನೋಡಲು ಚೆನ್ನಾಗಿಯೇ ಆದವು. ಆದರೆ ಕೌದಿಯ ಚಾಳಿಯಲ್ಲಿ ಎಷ್ಟು ಪದರು ಹಾಕಿದ್ದೆನೆಂದರೆ, ಕಾರಿಗೆ ಹಚ್ಚಿದ ಮೇಲೆ ಅವು ಮೇಲಕ್ಕೆ ಮಡಚಲೇ ಒಲ್ಲವು. ಶ್ವೇತಾ ಅವುಗಳ ಕೆಳಗಿನಿಂದ ಇಣುಕಿ ನೋಡುತ್ತಾ ಕಾರು ಓಡಿಸಿಕೊಂಡು ಬೊರಿವಲಿಗೆ ಹೋದಳು.

ನಾಲ್ಕಾರು ದಿನ ಬಿಟ್ಟು ಅವಳ ಫೋನು ಬಂತು. ಹೈವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಳೆ, ಹಿಂದಿನವರೆಲ್ಲ ಹಾರ್ನು ಬಾರಿಸುತ್ತಿದ್ದಾರೆ, ಮಧ್ಯೆ ಇವಳ ಕಿರುಚಾಟ. “ಮಮ್ಮಿ! ಚೀಂಟಿ! ಇರುವೆ! ಪೂರಾ ಲೈನ್ ಹಚ್ಚಿ ನನ್ನ ತಲಿ ಮ್ಯಾಲೆ ಇಳೀತಾವ! ವೈಸರ್ ಒಳಗ ಏನು ಹಾಕಿದಿ ನೀನು?” ನಾನು ಮೆಲ್ಲಗೆ, “ರೊಟ್ಟಿ” ಎಂದೆ. ಆ ಕಡೆ ಹಾರ್ನುಗಳು ಇನ್ನಷ್ಟು ಜೋರಾದವು. “ಒಂಚೂರು ಬೆಲ್ಲನೂ” ಎಂದು ಸೇರಿಸಿದೆ, ಹೇಗೂ ಗೊತ್ತಾಗುವುದೇ ಎಂದು. ಕೌದಿ ಹಸಿದಿರಬಾರದೆಂಬ ವಿಚಾರವನ್ನು ಹೈವೇಯ ನಡುವೆ ನಿಂತ ಹುಡುಗಿಗೆ ಫೋನಿನಲ್ಲಿ ವಿವರಿಸುವುದು ಸುಲಭವಲ್ಲ. “ಮಮ್ಮಿ, ಕಾರ್ ಕೋ ಭೂಕ್ ನಹೀ ಲಗತಿ, ಕಾರಿಗೆ ಹಸಿವಾಗೂದಿಲ್ಲ” ಎಂದು ಅವಳು ಫೋನಿಟ್ಟಳು. ಮುಂದಿನ ಭಾನುವಾರ ಬಂದಾಗ ನಾನೇ ಮೂಲೆ ಬಿಚ್ಚಿ ರೊಟ್ಟಿ ತೆಗೆದು, ಕೊಡವಿ, ಒಂದೆರಡು ಪದರನ್ನೂ ಕಳೆದು ಮತ್ತೆ ಹೊಲಿದುಕೊಟ್ಟೆ. ನಮ್ಮ ವಂಶದಲ್ಲಿ ಹಸಿದ ಕೌದಿ ಹೊಲಿದವಳು ನಾನೇ ಮೊದಲಿರಬೇಕು.

ಇರುವೆ ಹೋದವು, ಹೊಸ ದೂರು ಬಂತು. ದೀಪಾವಳಿಗೆ ಮುಂಚಿನ ಸೆಕೆಯಲ್ಲಿ ಒಂದು ಭಾನುವಾರ ಶ್ವೇತಾ ಬಂದವಳೇ, “ಮಮ್ಮಿ, ನಿನ್ನ ಚಾವಣಿ ಮತ್ತ ಬಿಚ್ಚಿಕೊಂಡದ. ಎಲ್ಲಾ ಕಡೆ ಠೀಕ್ ಅದ, ನನ್ನ ತಲಿ ಮ್ಯಾಲೆ ಮಾತ್ರ. ಒತ್ತಿದ್ರ ಕೂಡೂದೇ ಇಲ್ಲ” ಎಂದಳು. ಕೆಳಗೆ ಹೋಗಿ ನಾನು ಮೊದಲ ಬಾರಿಗೆ ಬಲಗಡೆಯ ಸೀಟಿನಲ್ಲಿ ಕುಳಿತೆ. ನಿಜ, ಬೇರೆಲ್ಲ ಕಡೆ ಬಿಗಿಯಾಗಿ ನಿಂತಿದೆ, ಅದೊಂದೇ ಕಡೆ ಬಟ್ಟೆ ಸಡಿಲವಾಗಿ ತಟ್ಟೆಯಷ್ಟಗಲ ಜೋತಿದೆ. ರಬ್ಬರ್ ಪಟ್ಟಿ ಎಳೆದು, ಅಂಚು ಬಿಡಿಸಿ, ಬಟ್ಟೆಗೂ ಹಲಗೆಗೂ ನಡುವೆ ಕೈ ತೂರಿಸಿದೆ. ಬೆರಳಿಗೆ ಜಿಡ್ಡು ಹತ್ತಿತು. ಕೈ ಹೊರಗೆ ತೆಗೆದು ಮೂಸಿದೆ. ಸೊಲ್ಯೂಷನ್ನಿನ ಘಾಟಿನ ಹಿಂದೆ, ಕಮಟು ಹಿಡಿದಿದ್ದರೂ ಸರಿಯೇ, ಅದೇ ಕೊಬ್ಬರಿ ಎಣ್ಣೆ. ಶ್ವೇತಾಳ ಫೋನಿನ ಬೆಳಕು ಬಿಟ್ಟು ನೋಡಿದೆವು. ಅಷ್ಟು ವರ್ಷಗಳ ಎಣ್ಣೆ ಬಟ್ಟೆ ದಾಟಿ, ಸ್ಪಂಜು ದಾಟಿ, ಹಲಗೆಗೇ ಇಳಿದು ಕುಳಿತಿತ್ತು. ಅಂದು ತಿಕ್ಕುವಾಗ ಇಡೀ ಹಲಗೆ ಹಳೆಯ ಅಂಟಿನಿಂದ ಕಂದು ಕಂದಾಗಿತ್ತು, ಆ ಭಾಗ ಸುಧಾಕರಣ್ಣನ ಪಾಲಿಗೆ ಬಂದಿತ್ತು; ಯಾರಿಗೂ ಗೊತ್ತಾಗಿರಲಿಲ್ಲ. ಎಣ್ಣೆಯ ಮೇಲೆ ಬಳಿದ ಸೊಲ್ಯೂಷನ್ ಹಿಡಿಯುವುದಾದರೂ ಹೇಗೆ?

ನನಗೆ ಆಗ ಮುಚ್ಚಿಡಲು ಆಗಲಿಲ್ಲ. ಆ ಸೀಟಿನಲ್ಲೇ ಕುಳಿತು ಎಲ್ಲ ಹೇಳಿಬಿಟ್ಟೆ. ಕಾರಿನಲ್ಲಿ ಯಾಕೆ ಕೂರುತ್ತಿದ್ದೆ, ಅಂಗಡಿಗೆ ಕೊಡಲು ಯಾಕೆ ಒಪ್ಪಲಿಲ್ಲ, ಕುಕ್ಕರಿನಲ್ಲಿ ಬರೀ ನೀರು ಯಾಕೆ ಕುದಿಯಿತು. ಶ್ವೇತಾ ಬಾಗಿಲ ಬಳಿ ನಿಂತು ಕೇಳುತ್ತಾ ಕೇಳುತ್ತಾ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. “ಬೋಲನಾ ಚಾಹಿಯೇ ಥಾ ನಾ ಮಮ್ಮಿ, ನನಗ ಹೇಳಬೇಕಿತ್ತು. ನಾನು ಕೈಯಿಂದ ತಿಕ್ಕಿದೆ. ಪಪ್ಪಾಂದು ಅಂತ ಗೊತ್ತಿದ್ರ ನಾನು... ನಾನೇ ಇಟ್ಕೋತಿದ್ದೆ ಅದನ್ನ” ಎಂದು ಅಳತೊಡಗಿದಳು. ಅವಳೂ ಅಪ್ಪನನ್ನು ಕಳೆದುಕೊಂಡವಳು ಎಂಬುದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ಬೊರಿವಲಿಯಲ್ಲಿ ಅವಳಿಗೆ ಒರಗಿ ಅಳಲು ಒಂದು ಕಲೆಯೂ ಇಲ್ಲ ಎಂದು ನಾನು ಯೋಚಿಸಿರಲಿಲ್ಲ. ನಮ್ಮಿಬ್ಬರ ಅವಸ್ಥೆ ನೋಡಿ ಸುಧಾಕರಣ್ಣ ಓಡಿಬಂದರು. ಅಳುವಿಗೆ ಕಾರಣ ಚಾವಣಿ ಎಂದುಕೊಂಡು ಒಳಗೆ ಇಣುಕಿ, “ಇಷ್ಟಕ್ಕೆಲ್ಲ ಯಾಕೆ ಬೇಜಾರು ಮಾರಾಯ್ರೆ? ಎಣ್ಣೆ ಅಲ್ವಾ? ಹತ್ತಿಗೆ ಸ್ವಲ್ಪ ಪೆಟ್ರೋಲ್ ಹಾಕಿ ಒರೆಸಿದ್ರೆ ಆಯ್ತು, ಒಂದು ಚೂರು ಉಳಿಯುದಿಲ್ಲ. ಈಗಲೇ ತರ್ತೇನೆ” ಎಂದು ಹೊರಟರು. ಬೇಡ ಎಂದು ನಾವಿಬ್ಬರೂ ಒಟ್ಟಿಗೇ ಕೂಗಿದ ಸದ್ದಿಗೆ ವಾಚ್‌ಮನ್ ಗೇಟಿನಿಂದ ಓಡಿಬಂದ. ಸುಧಾಕರಣ್ಣ ನಮ್ಮಿಬ್ಬರನ್ನೂ ನೋಡಿದರು, ಚಾವಣಿಯನ್ನು ನೋಡಿದರು, “ಸರಿ, ಇರ್ಲಿ ಹಾಗಾದ್ರೆ” ಎಂದು ರಬ್ಬರ್ ಪಟ್ಟಿಯನ್ನು ತಾವೇ ಮೊದಲಿನಂತೆ ಕೂರಿಸಿಕೊಟ್ಟರು.

ಮಧ್ಯಾಹ್ನ ಊಟವಾದ ಮೇಲೆ ಶ್ವೇತಾ ಎಣ್ಣೆಯ ಬಾಟಲಿ ಹಿಡಿದುಕೊಂಡು ಬಂದು ನನ್ನ ಕಾಲ ಬಳಿ ಕುಳಿತಳು. ಚಿಕ್ಕಂದಿನಿಂದ ಎಣ್ಣೆ ಎಂದರೆ ಓಡಿಹೋಗುತ್ತಿದ್ದವಳು. ಆಫೀಸಿನಲ್ಲಿ ಯಾರೂ ಹಚ್ಚುವುದಿಲ್ಲ, ವಾಸನೆ ಬರುತ್ತದೆ ಎಂದು ನನಗೇ ಉಪದೇಶ ಮಾಡುತ್ತಿದ್ದವಳು. “ಹಚ್ಚು ಮಮ್ಮಿ, ಜಾಸ್ತಿ ಹಚ್ಚು” ಎಂದಳು. ನಾನು ಹಚ್ಚಿದೆ. ಹಣೆಯ ಮೇಲೆ ಇಳಿಯುವಷ್ಟು ಹಚ್ಚಿದೆ. ಸಂಜೆ ಹೊರಡುವಾಗ ಅವಳ ಹಿಂದೆಯೇ ಕೆಳಗೆ ಹೋದೆ. ಅವಳು ಬಲಗಡೆ ಹತ್ತಿ ಕುಳಿತಳು. ಜೋತ ಬಟ್ಟೆ ಅವಳ ತಲೆಯ ಮೇಲೆ ಮೆತ್ತಗೆ ಬಂದು ಕುಳಿತಿತು. ಅವಳು ಕುತ್ತಿಗೆಯನ್ನು ಎಡಕ್ಕೆ ವಾಲಿಸಿ ಕನ್ನಡಿ ಸರಿಮಾಡಿಕೊಂಡಳು. ನಾನು ಕಿಟಕಿಗೆ ಕೈ ಊರಿ ನಿಂತಿದ್ದೆ. ಆ ಹೊತ್ತಿನಲ್ಲಿ ಮಗಳಿಗೆ ಹೇಳಬೇಕಾದ್ದು ಎಷ್ಟೋ ಇತ್ತು, ತಾಯಿಯಾದವಳು ಏನಾದರೂ ಒಳ್ಳೆಯ ಮಾತು ಆಡಬೇಕಿತ್ತು. ಬಾಯಿ ತೆರೆದೆ. ಬಂದದ್ದು ಇಷ್ಟು: “ತಲೀಗೆ ಒಂದು ಟವೆಲ್ಲರೆ ಸುತ್ಕೋಬಾರದೇನ? ಎಣ್ಣಿ ಹತ್ತತದ ನೋಡು, ಹೊಸಾ ಬಟ್ಟಿ ಅದು!” ಅವಳು ಕೇಳಿಸಿದರೂ ಕೇಳಿಸದವಳ ಹಾಗೆ ಗಾಜು ಏರಿಸಿಕೊಂಡು ಗೇರು ಹಾಕಿದಳು.